ಧ್ವನಿಮುದ್ರಣ ಮತ್ತು ಗ್ರಂಥಪಾತ

1890ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ವಿದ್ವಾಂಸರು ಅಮೆರಿಕದ ಮೇನ್ ರಾಜ್ಯದಲ್ಲಿ ಪಾಸಮಾಕ್ವಾಡಿ ಜನರ ಹಾಡು, ಕಥೆಗಳನ್ನು ಫೋನೋಗ್ರಾಫಿನ ಮೇಣದ ಉರುಳೆಗಳಲ್ಲಿ ದಾಖಲಿಸಿದರು. ಒಂದು ಉರುಳೆ ಕೆಲವೇ ನಿಮಿಷಗಳ ಧ್ವನಿಯನ್ನು ಹಿಡಿಯುತ್ತಿತ್ತು. ಇಂದು ಅಂಗೈಯಗಲದ ರೆಕಾರ್ಡರ್ ಒಂದು ಇಡೀ ರಾತ್ರಿಯ ಗಾಯನವನ್ನು ಹಿಡಿಯಬಲ್ಲದು. ಆದರೆ ಹಿಡಿದುದೆಲ್ಲವೂ ಪಠ್ಯವಾಗುವುದಿಲ್ಲ.

ಮಲೆ ಮಾದೇಶ್ವರ ಕಾವ್ಯವನ್ನು ದಾಖಲಿಸಲು ಹೊರಟ ಸಂಶೋಧನ ವಿದ್ಯಾರ್ಥಿಯೊಬ್ಬನಿಗೆ ಈ ಸತ್ಯ ತಡವಾಗಿ ತಿಳಿಯಿತು. ಅವನು ಯಂತ್ರವನ್ನು ಜಗಲಿಯ ಮೇಲೆ, ಕಂಸಾಳೆಯ ಎದುರಿಗೇ ಇಟ್ಟಿದ್ದನು. ಧ್ವನಿಮಟ್ಟದ ಹೊಣೆಯನ್ನು ಯಂತ್ರಕ್ಕೇ ಬಿಟ್ಟಿದ್ದನು. ಕಂಚಿನ ತಾಳ ಮೊಳಗಿದಾಗಲೆಲ್ಲ ಯಂತ್ರವು ಮಟ್ಟವನ್ನು ತಗ್ಗಿಸಿತು. ಹಿರಿಯ ಗಾಯಕರ ಕಂಠ ಅದರಡಿಯಲ್ಲಿ ಮುಳುಗಿತು. ಹಾಡು ನಿಂತೆಡೆ ಮಟ್ಟ ತಾನೇ ಏರಿ, ಜೀರುಂಡೆಗಳ ಸದ್ದು ತುಂಬಿಕೊಂಡಿತು. ಹೆಡ್‌ಫೋನ್ ಚೀಲದಲ್ಲಿಯೇ ಉಳಿದಿದ್ದುದರಿಂದ ಇದಾವುದೂ ಅವನಿಗೆ ಆಗ ಕೇಳಿಸಲಿಲ್ಲ.

ಮತ್ತೆ ಹೋಗಿ ಅದೇ ಸಾಲನ್ನು ಹಾಡಬೇಕೆಂದು ಬೇಡಿಕೊಂಡಾಗ ಗಾಯಕರು ನಕ್ಕರು: “ಅವತ್ತಿಂದು ಅವತ್ಗೇ ಆಯ್ತು ಕನಪ್ಪ. ಇವತ್ತು ಬರೋದೇ ಬ್ಯಾರೆ.” ಮೌಖಿಕ ಕಾವ್ಯದ ಲಕ್ಷಣವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಗ್ರಂಥವೂ ಅವನಿಗೆ ಹೇಳಿರಲಿಲ್ಲ. ಕೆಟ್ಟುಹೋದುದು ಒಂದು ಪ್ರತಿಯಲ್ಲ, ಒಂದು ಪಾಠ.

ಎರಡನೆಯ ರಾತ್ರಿ ಅವನು ಲಿಪಿಕಾರನ ಎಚ್ಚರದಿಂದ ಕುಳಿತನು. ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಿದನು. ಕಂಸಾಳೆಯ ಅತಿ ಜೋರಾದ ಬಡಿತವನ್ನು ಮೊದಲೇ ಕೇಳಿ, ಅದರ ಶಿಖರವು ಮೈನಸ್ 12 ಡೆಸಿಬಲ್‌ನ ಸುತ್ತ ನಿಲ್ಲುವಂತೆ ಮಟ್ಟವನ್ನು ಹೊಂದಿಸಿದನು. ಯಂತ್ರವನ್ನು ನೆಲದಿಂದ ಎತ್ತಿ ಸ್ಟ್ಯಾಂಡಿಗೆ ಏರಿಸಿ, ತಾಳದಿಂದ ಓರೆಯಾಗಿ, ಗಾಯಕರ ಬಾಯಿಗೆ ಎರಡು ಅಡಿ ದೂರದಲ್ಲಿ ನಿಲ್ಲಿಸಿದನು. ಗಾಳಿಯ ತಡೆಗೆ ಮೈಕಿಗೆ ತುಪ್ಪಳದ ಹೊದಿಕೆ ತೊಡಿಸಿದನು. ಎಂಪಿ3 ಬಿಟ್ಟು, 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಕಡತವನ್ನು ಆರಿಸಿದನು. ದಿನಾಂಕ, ಊರು, ಗಾಯಕರ ಹೆಸರು, ಅವರ ಒಪ್ಪಿಗೆ ಇವೆಲ್ಲ ಆರಂಭದಲ್ಲಿಯೇ ಧ್ವನಿಯಾಗಿ ಸೇರಿದವು. ಹೆಡ್‌ಫೋನ್ ರಾತ್ರಿಯಿಡೀ ಕಿವಿಯಲ್ಲಿತ್ತು. ಕೊನೆಯ ಸಾಲುಗಳಲ್ಲಿ ಗಾಯಕರು ಉಸಿರೆಳೆದುಕೊಳ್ಳುವುದೂ ಕೇಳಿಸಿತು.

ಮೊದಲ ರಾತ್ರಿಯ ಕಡತವನ್ನು ಅವನು ಅಳಿಸಲಿಲ್ಲ. ಅದರ ಲಿಪ್ಯಂತರದಲ್ಲಿ ಕಂಠ ಮುಳುಗಿದ ಎಡೆಗಳನ್ನು ಊಹೆಯಿಂದಾಗಲಿ, ಎರಡನೆಯ ರಾತ್ರಿಯ ಸಾಲುಗಳಿಂದಾಗಲಿ ತುಂಬಲಿಲ್ಲ. ಹುಳು ತಿಂದ ಓಲೆಯನ್ನು ಓದುವ ಸಂಪಾದಕರು ಮಾಡುವಂತೆ, ಅಲ್ಲಲ್ಲಿ ಚುಕ್ಕೆಗಳನ್ನಿಟ್ಟು ‘ಗ್ರಂಥಪಾತ’ ಎಂದು ಬರೆದನು.