ಉಕ್ಕಿನ ದೈತ್ಯ ಕಲಿಸಿದ ಮಾತು

ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಗೆ ಊರಿನಿಂದ ಅಪ್ಪ ಬಂದಿದ್ದರು. ಅವರಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು; ನನ್ನ ಮಗನಿಗೋ ಕನ್ನಡವೊಂದನ್ನು ಬಿಟ್ಟು ಮಿಕ್ಕೆಲ್ಲ ಸಲೀಸು.

ಒಂದು ಭಾನುವಾರ ಅವನು ‘ದಿ ಐರನ್ ಜೈಂಟ್’ ಹಾಕಿದ. ಬ್ರಾಡ್ ಬರ್ಡ್ ನಿರ್ದೇಶಿಸಿದ ಈ ಕಾರ್ಟೂನ್ ಚಿತ್ರ 1999ರಲ್ಲಿ ತೆರೆಕಂಡಾಗ ಹಣ ಗಳಿಸಲಿಲ್ಲ. ಮೆಚ್ಚುವವರು ಆಮೇಲೆ ಹುಟ್ಟಿಕೊಂಡರು. ಸ್ಪುಟ್ನಿಕ್ ಹಾರಿದ 1957ರ ಕಾಲ. ಆಕಾಶದಿಂದ ಬಿದ್ದ ಯಂತ್ರಮಾನವನಿಗೆ ಹುಡುಗನೊಬ್ಬ ಒಂದೊಂದೇ ಮಾತು ಕಲಿಸುತ್ತಾನೆ.

“ಏನಂತಾನೋ ತಮ್ಮಾ?” ಎಂದರು ಅಪ್ಪ.

ಮಗ ತಡವರಿಸಿದ: “ಅಜ್ಜಾ, ಅಂವಗ... ಬಂದೂಕ ಆಗೂದು ಬ್ಯಾಡಂತ.”

ಯುದ್ಧಕ್ಕೆಂದೇ ಮಾಡಿದ ಆ ಯಂತ್ರ, ಊರನ್ನುಳಿಸಲು ಕ್ಷಿಪಣಿಗೆ ಎದುರಾಗಿ ಹಾರಿದಾಗ ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ದೈತ್ಯನಿಗೆ ಬರುತ್ತಿದ್ದುದು ಕೆಲವೇ ಮಾತು. ನನ್ನ ಮಗನ ಕನ್ನಡವೂ ಅಷ್ಟೇ. ಅಂದು ಅಷ್ಟೇ ಸಾಕಾಯಿತು.