ಮುಳ್ಳಿನ ಮಿತಿ

ನಾನು ಪಾಠ ಹೇಳಿರುವ ವಿಮಾನ ಒಂದೇ. ಅದು ರಾಮಾಯಣದ ಪುಷ್ಪಕ. ಅದು ಎಷ್ಟು ಎತ್ತರದಲ್ಲಿ ಹಾರುತ್ತಿತ್ತೆಂದು ಅಳೆಯುವ ತೊಂದರೆಯನ್ನು ಯಾವ ಕವಿಯೂ ತೆಗೆದುಕೊಂಡಂತಿಲ್ಲ. ಹೀಗಿರುವಾಗ ಕಳೆದ ಬೇಸಗೆಯ ರಜದಲ್ಲಿ ನನ್ನ ಅಕ್ಕನ ಮಗ, "ಬನ್ನಿ ಮಾವ, ನೆಲ ಬಿಡದೆ ನಿಮ್ಮನ್ನು ಹತ್ತು ಸಾವಿರ ಅಡಿ ಮೇಲೆ ಕರಕೊಂಡು ಹೋಗ್ತೀನಿ" ಎಂದರೆ ನಾನು ಬಿಡುವೆನೆ? ಅವನು ಬೆಂಗಳೂರಿನ ಒಂದು ಹ್ಯಾಂಗರಿನಲ್ಲಿ ವಿಮಾನದ ಉಪಕರಣಗಳನ್ನು ಪರೀಕ್ಷಿಸುವವನು.

ಅಲ್ಲಿ ನಿಂತಿದ್ದುದು ಹಾರಾಟ ಕಲಿಸುವ ಒಂದು ಪುಟ್ಟ ವಿಮಾನ. ಅದರ ಮೂಗಿನಂತೆ ಮುಂದಕ್ಕೆ ಚಾಚಿದ ಒಂದು ಕೊಳವೆ. ಎದುರು ಗಾಳಿಯನ್ನು ನುಂಗಿ ವೇಗವನ್ನು ತಿಳಿಸುವುದು ಅದರ ಕೆಲಸ. 1732ರಲ್ಲಿ ಆನ್ರಿ ಪಿಟೋ ಎಂಬ ಫ್ರೆಂಚ್ ಎಂಜಿನಿಯರು ಪ್ಯಾರಿಸ್ಸಿನ ಸೇನ್ ನದಿಯ ಹರಿವನ್ನು ಅಳೆಯಲು ಮಾಡಿದ ಕೊಳವೆಯ ವಂಶಜ ಇದು. ಪಕ್ಕೆಯಲ್ಲಿ ಇನ್ನೊಂದು ಸಣ್ಣ ತೂತು. ಅದು ಸುತ್ತಲಿನ ಗಾಳಿಯ ಒತ್ತಡವನ್ನು ತಿಳಿಸುತ್ತದೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. 18,000 ಅಡಿಗೆ ಹೋಗುವಷ್ಟರಲ್ಲಿ ಒತ್ತಡ ಅರ್ಧಕ್ಕೆ ಇಳಿದಿರುತ್ತದೆ. ಆಗ ಆಲ್ಟಿಮೀಟರಿನೊಳಗಿನ ತೆಳುತಗಡಿನ ಡಬ್ಬಿ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿ ಮುಳ್ಳನ್ನು ತಿರುಗಿಸುತ್ತದೆ. ಇಷ್ಟರ ಮೇಲೆ ಜನರ ಪ್ರಾಣ ನಿಂತಿದೆ. 1996ರ ಅಕ್ಟೋಬರಿನಲ್ಲಿ ಪೆರುವಿನ ಲಿಮಾದಿಂದ ಹೊರಟ ವಿಮಾನವೊಂದರಲ್ಲಿ, ತೊಳೆಯುವಾಗ ಪಕ್ಕೆಯ ತೂತುಗಳಿಗೆ ಅಂಟಿಸಿದ್ದ ಪಟ್ಟಿಯನ್ನು ತೆಗೆಯಲು ಮರೆತಿದ್ದರು. 70 ಜನ ಸಮುದ್ರದ ಪಾಲಾದರು.

ನನ್ನ ಅಳಿಯ ಒಂದು ಪೆಟ್ಟಿಗೆಯನ್ನು ತಂದು, ಅದರ ಎರಡು ಕೊಳವೆಗಳನ್ನು ವಿಮಾನಕ್ಕೆ ಜೋಡಿಸಿದ. ಒಂದರಿಂದ ಗಾಳಿಯನ್ನು ಹೀರಿ, ಇನ್ನೊಂದರಲ್ಲಿ ಒತ್ತಡವನ್ನು ಕೊಟ್ಟರೆ, ನಿಂತಲ್ಲೇ ನಿಂತ ವಿಮಾನ ತಾನು ಹಾರುತ್ತಿರುವೆನೆಂದೇ ನಂಬುತ್ತದೆ. ಆದರೆ ಅವನು ಗುಂಡಿಯನ್ನು ಒತ್ತಲಿಲ್ಲ. ಮೊದಲು ಒಂದು ಪುಸ್ತಕವನ್ನು ತೆರೆದು, ಎತ್ತರ ಇಷ್ಟನ್ನು ಮೀರಕೂಡದು, ವೇಗ ಇಷ್ಟನ್ನು ಮೀರಕೂಡದು, ನಿಮಿಷಕ್ಕೆ ಇಷ್ಟು ಅಡಿಗಿಂತ ಹೆಚ್ಚು ಏರಕೂಡದು ಎಂದು ಒಂದೊಂದೇ ಅಂಕಿಯನ್ನು ಪೆಟ್ಟಿಗೆಗೆ ತಿಳಿಸಿದ. ಏರುವ ವೇಗದ ಮುಖಫಲಕದಲ್ಲಿ 2,000 ಎಂದಿತ್ತು. ಇವನು 1,500ಕ್ಕೇ ನಿಲ್ಲಿಸಿದ.

"ನಿನ್ನ ಪೆಟ್ಟಿಗೆಗೆ ಇಷ್ಟೇ ಶಕ್ತಿಯೇನೋ?" ಎಂದೆ.

"ಇದು ಜೆಟ್ ವಿಮಾನಕ್ಕೂ ಸಾಕು ಮಾವ. ಅದಕ್ಕೇ ಈ ಕಟ್ಟು. ಮಿತಿ ಪೆಟ್ಟಿಗೇದಲ್ಲ, ಎದುರಿಗಿರೋ ಮುಳ್ಳಿಂದು. ಇರೋದರಲ್ಲಿ ಯಾವುದು ನಾಜೂಕೋ ಅದರ ಲೆಕ್ಕ ಹಿಡೀಬೇಕು."

ಮೂಗಿನ ಕೊಳವೆಯನ್ನು ಮರೆತು ಪಕ್ಕೆಯಿಂದ ಮಾತ್ರ ಗಾಳಿ ಹೀರಿದರೆ ಏನಾದೀತೆಂದೂ ವಿವರಿಸಿದ. ವೇಗದ ಮುಳ್ಳು 200 ನಾಟ್ ತೋರಿಸಲು ಬೇಕಾದ ಒತ್ತಡದ ವ್ಯತ್ಯಾಸ ಸುಮಾರು 66 ಮಿಲಿಬಾರ್. ಬೆಂಗಳೂರಿನ ನೆಲದಿಂದ 20,000 ಅಡಿಗೆ ಹಾಗೆ ಏರಿಸಿದರೆ ಅದರ ಮೇಲೆ ಬೀಳುವುದು ಅದರ ಆರು ಪಟ್ಟಿಗೂ ಹೆಚ್ಚು. ಆಲ್ಟಿಮೀಟರು ಸುಖವಾಗಿರುತ್ತದೆ, ಪಕ್ಕದ ಬಡಪಾಯಿ ಸಾಯುತ್ತದೆ.

ಮುಳ್ಳು ಬೆಂಗಳೂರಿನ ಮೂರು ಸಾವಿರ ಅಡಿಯಿಂದ ಹೊರಟು ಹತ್ತು ಸಾವಿರಕ್ಕೆ ಬಂದು ನಿಂತಿತು. ಊಟದ ಹೊತ್ತೂ ಆಯಿತು. "ಇನ್ನೇನು, ಕೊಳವೆ ಕಿತ್ತು ಬಾ, ಹೊರಡೋಣ" ಎಂದೆ.

ಅವನು ಹಾವು ತುಳಿದವನಂತೆ ಬೆಚ್ಚಿದ. "ಕಿತ್ತರೆ ಹೊರಗಿನ ಗಾಳಿ ಒಮ್ಮೆಲೇ ನುಗ್ಗುತ್ತೆ ಮಾವ. ಏರಿಸಿದ ಹಾಗೇ ನಿಧಾನವಾಗಿ ನೆಲಕ್ಕೆ ಇಳಿಸಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದನ್ನ ಹಾಳುಮಾಡಿದ್ದೆ. ಅವತ್ತೂ ಊಟದ ಹೊತ್ತೇ."

ಆ ಮಾತು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಎರಡು ವರ್ಷದ ಕೆಳಗೆ ನನ್ನ ಬಿ.ಎ. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಳ್ಳಿಯವನು, ಮಾತು ಕಡಿಮೆ, ಕಿವಿ ಚುರುಕು. ಒಂದು ದಿನ ಅವನನ್ನು ಎಬ್ಬಿಸಿ ಹಳಗನ್ನಡದ ಪದ್ಯವೊಂದನ್ನು ಓದಿಸಿದೆ. ಚೆನ್ನಾಗಿಯೇ ಓದಿದ. ಅಷ್ಟಕ್ಕೆ ಬಿಟ್ಟೆನೆ? ಸಂಧಿ ಬಿಡಿಸು ಎಂದೆ, ಸಮಾಸ ಹೇಳು ಎಂದೆ, ಛಂದಸ್ಸು ಹೇಳು ಎಂದೆ. ಅವನು ಒಂದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು. ಇಪ್ಪತ್ತು ವರ್ಷ ಓದಿದ್ದನ್ನೆಲ್ಲ ಎರಡು ನಿಮಿಷದಲ್ಲಿ ಅವನ ಮೇಲೆ ಸುರಿದೆ. ಹುಡುಗರು ನಕ್ಕರು, ಸುಳ್ಳೇಕೆ, ನನಗೂ ಅದು ಹಿತವಾಗಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. "ಕೂತ್ಕೋ" ಎಂದವನೇ ಪುಸ್ತಕ ಮಡಿಚಿ ಹೊರಟೆ. ಕೊಳವೆಯನ್ನು ಕಿತ್ತದ್ದು ಹಾಗೆ.

ಅವನು ಆಮೇಲೆ ಕೊನೆಯ ಬೆಂಚಿಗೆ ಹೋದ. ಪಾಸೂ ಆದ. ಕನ್ನಡ ಎಂ.ಎ. ಮಾಡುತ್ತೇನೆ ಎನ್ನುತ್ತಿದ್ದವನು ಮಾಡಲಿಲ್ಲ. ಮನೆಯ ಕಷ್ಟವೂ ಇದ್ದಿರಬಹುದು. ಆದರೆ ಆ ಕಾರಣದ ಹಿಂದೆ ಅವಿತುಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅಳಿಯ ಮುಳ್ಳನ್ನು ನೆಲಕ್ಕೆ ಇಳಿಸುವವರೆಗೂ ನಾನು ಬಾಯಿ ಬಿಡದೆ ನೋಡುತ್ತ ನಿಂತಿದ್ದೆ. ಎಂಟು ಸಾವಿರ, ಆರು, ನಾಲ್ಕು, ಮೂರು. ಆಮೇಲೆ ಅವನು ಕೊಳವೆಯನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿದ. ತೂತಿನ ಬಳಿ ಏನೂ ಉಳಿದಿಲ್ಲವಷ್ಟೆ ಎಂದು ಬೆರಳಾಡಿಸಿ ನೋಡಿದ. ನಮ್ಮ ಊಟ ಆರಿತ್ತು.

ಕಾಲೇಜಿನ ಕಚೇರಿಯಿಂದ ಆ ಹುಡುಗನ ವಿಳಾಸವನ್ನು ತೆಗೆದುಕೊಂಡಿದ್ದೇನೆ. ಕಾಗದವನ್ನು ಮೂರು ಸಲ ಬರೆದು ಹರಿದೆ. ಮೊದಲನೆಯದು ಉಪದೇಶವಾಗಿತ್ತು, ಎರಡನೆಯದು ಸಮಜಾಯಿಷಿ, ಮೂರನೆಯದರಲ್ಲಿ ಪಾಂಡಿತ್ಯ ಹೆಚ್ಚಾಗಿತ್ತು. ನಾಲ್ಕನೆಯದು ಮೇಜಿನ ಮೇಲಿದೆ. ಅದರಲ್ಲಿ ಇರುವುದು ಎರಡೇ ಸಾಲು. ಅಂದು ಅವನು ಪದ್ಯವನ್ನು ಚೆನ್ನಾಗಿ ಓದಿದ್ದ ಎಂಬುದು ಒಂದು. ನಾಳೆ ಅಂಚೆಗೆ ಹಾಕುತ್ತೇನೆ.