ಟ್ರೂಪರ್ ಯಾಕೋ ನಿಧಾನ ಆಯ್ತು..

ಇಲ್ಲಿ ಬರೆದು ತುಂಬ ದಿನ ಆಯ್ತು. ಆಫೀಸಿನಲ್ಲಿ ಒಂದು ರಿಲೀಸು, ಆ ರಿಲೀಸಿನಿಂದ ಹುಟ್ಟಿದ ಬಗ್ಗುಗಳು, ಅವು ಮುಗಿಯೋ ಹೊತ್ತಿಗೆ ಇನ್ನೊಂದು ರಿಲೀಸು.. ಹೀಗೇ ನಡೀತಾ ಇದೆ. ಮೊನ್ನೆ ಶನಿವಾರ ಏನೂ ಕೆಲಸ ಇಲ್ಲ ಅಂತ ರೂಮು ಗುಡಿಸೋಕೆ ಕೂತೆ. ಮಂಚದ ಕೆಳಗಿನ ರಟ್ಟಿನ ಡಬ್ಬದಲ್ಲಿ ಒಂದು ಹಳೇ ಕ್ಯಾಸೆಟ್ ಸಿಕ್ತು. ಐರನ್ ಮೇಡನ್ ಬ್ಯಾಂಡಿನ 'ಲೈವ್ ಆಫ್ಟರ್ ಡೆತ್'. ಡಬ್ಬಿಯ ಪ್ಲಾಸ್ಟಿಕ್ ಒಡೆದಿದೆ. ಒಳಗಿನ ಕಾಗದದ ಮೂಲೆಯಲ್ಲಿ ನನ್ನ ಮಾವನ ಸಹಿ. ಹಾಕಿ ಕೇಳೋಣ ಅಂದ್ರೆ ನನ್ನ ಹತ್ರ ಟೇಪ್ ರೆಕಾರ್ಡರ್ ಇಲ್ಲ. ಸುಮ್ನೆ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಆಗಲೇ ಅನ್ಸಿದ್ದು, ಈ ವಿಷಯ ಬರೆದುಬಿಡಬೇಕು ಅಂತ.

ಮಾವ ಅಂದ್ರೆ ನಮ್ಮಮ್ಮನ ಕೊನೇ ತಮ್ಮ. ಅರಸೀಕೆರೆಯಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡೀಲಿ ಕೆಲಸ. ಗಣೇಶನ ಹಬ್ಬ ಬಂದ್ರೆ ಮಾತ್ರ ಅವನು ಬೇರೆ ಮನುಷ್ಯ. ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸ್ತಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲ, ಕ್ಯಾಸೆಟ್ ಕೇಳಿ ಕೇಳಿ ಕಲಿತಿದ್ದು. ಮುಂದೆ ಗಾಯಕರು ಸಿನಿಮಾ ಹಾಡು ಹೇಳ್ತಿದ್ರೆ ಹಿಂದೆ ಇವನು ಮಧ್ಯೆ ಮಧ್ಯೆ ಒಂದೊಂದು ಮೇಡನ್ ರೋಲ್ ತುರುಕಿಬಿಡ್ತಿದ್ದ. ಕೇಳೋರಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಿರ್ತಿರಲಿಲ್ಲ, ಆದ್ರೆ ಶಿಳ್ಳೆ ಮಾತ್ರ ಬೀಳ್ತಿತ್ತು :-)

2007ರ ಮಾರ್ಚ್ 17. ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು. ನಾನಾಗ ನಾಲ್ಕನೇ ಕ್ಲಾಸು. ಮಾವ ಸಾಲ ಮಾಡಿ ಟಿಕೆಟ್ ತಗೊಂಡು, ಕಪ್ಪು ಟೀ ಶರ್ಟ್ ಹಾಕ್ಕೊಂಡು ರೈಲು ಹತ್ತಿದ. ಮಾರನೇ ದಿನ ವಾಪಸ್ ಬಂದಾಗ ಮೈಯೆಲ್ಲ ಧೂಳು, ಗಂಟಲು ಬಿದ್ದುಹೋಗಿತ್ತು. ಅಜ್ಜಿ ಬಿಸಿನೀರು ಕೊಟ್ಟು ಬೈತಾ ಇದ್ರೆ ಇವನು ಊಟದ ತಟ್ಟೆ ಮೇಲೆ ಬೆರಳಲ್ಲಿ ತಾಳ ಹಾಕ್ತಾ ಕೂತಿದ್ದ. ನನಗೆ ಪಿಸುಮಾತಿನಲ್ಲಿ ಹೇಳಿದ್ದು ಇನ್ನೂ ನೆನಪಿದೆ. "ಕ್ಯಾಸೆಟ್ಟಿನಲ್ಲಿ ಇರೋದು ಬರೀ ಅರ್ಧ ಕಣೋ.."

ಆಮೇಲೆ ನಾನು ಇಂಜಿನಿಯರಿಂಗ್ ಸೇರಿದೆ, ಹಾಸ್ಟೆಲ್ಲು, ಇಯರ್‌ಫೋನು. ನನಗೂ ಮೇಡನ್ ಹುಚ್ಚು ಹಿಡೀತು. ಆದ್ರೆ ನಾನು ಮಾವನ ಪಾರ್ಟಿ ಅಲ್ಲ, ರೆಕಾರ್ಡಿನ ಪಾರ್ಟಿ. ನನ್ನ ವಾದ ಸರಳ. ಸ್ಟುಡಿಯೋದಲ್ಲಿ ಒಂದು ಸಾಲು ಸರಿ ಬರೋ ತನಕ ಹತ್ತು ಸಲ ಹಾಡಬಹುದು, ಗಿಟಾರಿನ ಮೇಲೆ ಗಿಟಾರು ಹೇರಬಹುದು. ಕೊನೆಗೆ ಹೊರಗೆ ಬರೋದು ಬ್ಯಾಂಡಿನವರು ನಿಜವಾಗ್ಲೂ ಅಂದ್ಕೊಂಡಿದ್ದ ಹಾಡು. ಸ್ಟೇಜಿನ ಮೇಲೆ ಗಾಳಿ, ಧೂಳು, ಸುಸ್ತು, ಕೆಟ್ಟ ಸ್ಪೀಕರ್ರು. ನಮ್ಮ ಭಾಷೇಲಿ ಹೇಳೋದಾದ್ರೆ ರೆಕಾರ್ಡು ಅಂದ್ರೆ ಚೆನ್ನಾಗಿ ಟೆಸ್ಟ್ ಆದ ಬಿಲ್ಡು, ಲೈವ್ ಅಂದ್ರೆ ಶುಕ್ರವಾರ ಸಾಯಂಕಾಲ ನೇರ ಪ್ರೊಡಕ್ಷನ್ ಸರ್ವರಿನ ಮೇಲೆ ಕೈ ಹಾಕೋದು.

ಮಾವ ಇದಕ್ಕೆ ಹೇಳ್ತಿದ್ದ, "ರೆಕಾರ್ಡು ಅಂದ್ರೆ ಮದುವೆ ಆಲ್ಬಮ್ಮು ಕಣೋ. ಎಲ್ರೂ ತಲೆ ಬಾಚ್ಕೊಂಡು ನಿಂತಿರ್ತಾರೆ. ಲೈವ್ ಅಂದ್ರೆ ಮದುವೆ ಮನೆ."

"ಮದುವೆ ಮನೇಲಿ ಸಾಂಬಾರು ಚೆಲ್ಲಿರುತ್ತೆ ಮಾವ" ಅಂತ ನಾನು.

"ಚೆಲ್ಲಿದ್ರೂ ಊಟ ಇರೋದು ಅಲ್ಲೇ ಅಲ್ವೇನೋ?"

ರಜೆಗೆ ಊರಿಗೆ ಹೋದಾಗೆಲ್ಲ ಇದೇ ಜಗಳ. ನಿಜ ಹೇಳ್ಬೇಕು ಅಂದ್ರೆ ಮೇಡನ್ ವಿಷಯದಲ್ಲಿ ಇಬ್ಬರ ಕೈಯಲ್ಲೂ ಸಾಕಷ್ಟು ಸಾಕ್ಷಿ ಇತ್ತು. 'ಫಿಯರ್ ಆಫ್ ದ ಡಾರ್ಕ್' ತಗೊಳ್ಳಿ. 1992ರ ರೆಕಾರ್ಡಿನಲ್ಲಿ ಅದು ಒಂದು ಒಳ್ಳೇ ಹಾಡು, ಅಷ್ಟೇ. 2001ರ ಜನವರಿಯಲ್ಲಿ ರಿಯೋದಲ್ಲಿ ನುಡಿಸಿದ್ದು 'ರಾಕ್ ಇನ್ ರಿಯೋ' ಅಂತ ಆಲ್ಬಮ್ ಆಗಿ ಬಂತಲ್ಲ, ಅದನ್ನ ಕೇಳಿ. ಗಿಟಾರಿನ ರಾಗವನ್ನೇ ಇಡೀ ಜನ ಬಾಯಲ್ಲಿ ಹಾಡ್ತಾರೆ. ಆಮೇಲೆ ಸ್ಟುಡಿಯೋದ್ದು ಕೇಳಿದ್ರೆ ಯಾರೂ ಇಲ್ಲದ ಮನೆಗೆ ಹೋದ ಹಾಗೆ ಅನ್ಸುತ್ತೆ. ಇದೊಂದರಲ್ಲಿ ನಾನು ಸೋತೆ ಅಂತ ಒಪ್ಕೊಂಡಿದ್ದೆ.

'ರನ್ ಟು ದ ಹಿಲ್ಸ್' ಮತ್ತು 'ಹಾಲೋಡ್ ಬಿ ದೈ ನೇಮ್' ಕಥೆ ಬೇರೆ. ಅವು 1982ರ 'ದ ನಂಬರ್ ಆಫ್ ದ ಬೀಸ್ಟ್'ನವು. ಆ ರೆಕಾರ್ಡಿನಲ್ಲಿ ಡ್ರಮ್ಸ್ ಕ್ಲೈವ್ ಬರ್ ಅವರದ್ದು. ಅದಾದ ಮೇಲೆ ಅವರು ಬ್ಯಾಂಡ್ ಬಿಟ್ಟರು, ನಿಕೋ ಮೆಕ್‌ಬ್ರೇನ್ ಬಂದರು. ಅಲ್ಲಿಂದ ಮುಂದೆ ನಾಲ್ಕು ದಶಕ ಸ್ಟೇಜಿನ ಮೇಲೆ ಆ ಹಾಡುಗಳನ್ನ ನುಡಿಸಿದ್ದು ನಿಕೋ. ಹಾಗಾಗಿ ಅಲ್ಲಿ ರೆಕಾರ್ಡು, ಲೈವ್ ಅಂತ ಹೋಲಿಸೋದು ಅಂದ್ರೆ ಇಬ್ಬರು ಮನುಷ್ಯರನ್ನ ಹೋಲಿಸಿದ ಹಾಗೆ. ನಾನು ಕ್ಲೈವ್ ಕಡೆ, ಮಾವ ನಿಕೋ ಕಡೆ. ಮಾವನ ದೇವರು ನಿಕೋ. ಬರಿಗಾಲಲ್ಲಿ, ಒಂದೇ ಪೆಡಲಿನಲ್ಲಿ ಅಷ್ಟು ವೇಗ ತೆಗೀತಾನಲ್ಲ ಅಂತ ಅವನಿಗೆ ಮುಗಿಯದ ಆಶ್ಚರ್ಯ. 1983ರ 'ಪೀಸ್ ಆಫ್ ಮೈಂಡ್' ನಿಕೋನ ಮೊದಲ ಆಲ್ಬಮ್, ಅದು ಶುರುವಾಗೋದೇ ಅವನ ಡ್ರಮ್ ಹೊಡೆತದಿಂದ. 'ದ ಟ್ರೂಪರ್' ಇರೋದೂ ಅದರಲ್ಲೇ. ಅದೇ ಟ್ರೂಪರನ್ನ 'ಲೈವ್ ಆಫ್ಟರ್ ಡೆತ್'ನಲ್ಲಿ ಕೇಳಿ, ಬಹುಪಾಲು 1985ರ ಮಾರ್ಚ್‌ನಲ್ಲಿ ಲಾಂಗ್ ಬೀಚಿನಲ್ಲಿ ರೆಕಾರ್ಡ್ ಆಗಿದ್ದು. ಕುದುರೆ ಲಗಾಮು ಕಿತ್ಕೊಂಡು ಓಡಿದ ಹಾಗಿದೆ. ಜನರ ಮುಂದೆ ನಿಂತಾಗ ರಕ್ತ ಬಿಸಿಯಾಗುತ್ತೆ, ಕೈ ತಾನಾಗೇ ಓಡುತ್ತೆ.

ಲೈವ್ ಆಲ್ಬಮ್ ಅಂದ್ರೆಲ್ಲ ಸತ್ಯ ಅಂತ ನಂಬೋ ಹಾಗೂ ಇಲ್ಲ ಬಿಡಿ. ಕಿಸ್ ಬ್ಯಾಂಡಿನ 1975ರ 'ಅಲೈವ್' ಆಲ್ಬಮ್ಮಿಗೆ ಆಮೇಲೆ ಸ್ಟುಡಿಯೋದಲ್ಲಿ ತೇಪೆ ಹಾಕಿದ್ರು. ಥಿನ್ ಲಿಝಿಯ 1978ರ 'ಲೈವ್ ಆಂಡ್ ಡೇಂಜರಸ್'ನಲ್ಲಿ ಎಷ್ಟು ಲೈವ್, ಎಷ್ಟು ತೇಪೆ ಅಂತ ಅದನ್ನ ಮಾಡಿದವರಲ್ಲೇ ಒಮ್ಮತ ಇಲ್ಲ. ಈ ಕಡೆ ಮೇಡನ್ 2006ರಲ್ಲಿ 'ಎ ಮ್ಯಾಟರ್ ಆಫ್ ಲೈಫ್ ಆಂಡ್ ಡೆತ್' ಮಾಡುವಾಗ ಸ್ಟುಡಿಯೋದಲ್ಲೇ ಹೆಚ್ಚುಕಮ್ಮಿ ಒಟ್ಟಿಗೆ ನಿಂತು ನುಡಿಸಿ, ಮಾಸ್ಟರಿಂಗ್ ಅನ್ನೋ ಕೊನೇ ಪಾಲಿಷ್ ಕೂಡ ಮಾಡದೆ ಹಾಗೇ ಬಿಟ್ರು. ಮಾವ 2007ರಲ್ಲಿ ನೋಡಿದ್ದು ಆ ಆಲ್ಬಮ್ಮಿನ ಟೂರನ್ನೇ.

ವಯಸ್ಸಾದ ಮೇಲೆ ಬ್ಯಾಂಡುಗಳು ಏನೇನೋ ದಾರಿ ಹುಡುಕ್ತಾವೆ. ಮೆಟಾಲಿಕಾ ಎಷ್ಟೋ ವರ್ಷಗಳಿಂದ ಸ್ಟೇಜಿನ ಮೇಲೆ ಗಿಟಾರುಗಳನ್ನ ಅರ್ಧ ಸ್ವರ ಇಳಿಸಿ ನುಡಿಸುತ್ತೆ. 2007ರ ಡಿಸೆಂಬರ್‌ನಲ್ಲಿ ಲೆಡ್ ಝೆಪೆಲಿನ್ ಲಂಡನ್ನಿನಲ್ಲಿ ಮತ್ತೆ ಸೇರಿದಾಗ ಕೆಲವು ಹಾಡುಗಳ ಶ್ರುತಿ ಇಳಿಸಿಕೊಂಡಿತ್ತು. ನಮ್ಮ ಕಡೆ ಹಿರಿಯ ವಿದ್ವಾಂಸರು ಶ್ರುತಿ ಇಳಿಸಿ ಹಾಡಿದ್ರೆ ನಾವು ಏನೂ ಅನ್ನಲ್ಲ. ರಾಕ್ ಹಾಡುಗಾರ ಇಳಿಸಿದ್ರೆ ಮಾತ್ರ ಮೋಸ ಅಂತೀವಿ. ನಾನೂ ಅಂತಿದ್ದೆ.

ಈಗ ತಪ್ಪೊಪ್ಪಿಗೆ.

2022ರ ಕೊನೇಲಿ ಮಾವನಿಗೆ ಸ್ಟ್ರೋಕ್ ಆಯ್ತು. ಅಂಗಡೀಲಿ ಏಣಿ ಮೇಲಿಂದ ಇಳಿಯುವಾಗ ಬಲಗೈ ಮಾತು ಕೇಳಲಿಲ್ವಂತೆ. ಜೀವಕ್ಕೆ ಅಪಾಯ ಆಗ್ಲಿಲ್ಲ. ನಡಿಗೆ ಸರಿಹೋಯ್ತು, ಮಾತೂ ಸರಿಹೋಯ್ತು, ಬಲಗೈ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ನಾನು ಎರಡು ಸಲ ಹೋಗಿ ನೋಡ್ಕೊಂಡು ಬಂದೆ. "ಅರಾಮಿದೀನಿ ಹೋಗೋ" ಅಂದ. ನಾನೂ ಅರಾಮಿದ್ದಾನೆ ಅಂದ್ಕೊಂಡೆ.

2023ರ ಮೇ ಕೊನೇಲಿ ಮೇಡನ್ ಹೊಸ ಟೂರು ಲುಬ್ಲಿಯಾನಾದಲ್ಲಿ ಶುರುವಾಯ್ತು. ಜನ ಮೊಬೈಲಿನಲ್ಲಿ ತೆಗೆದ ವಿಡಿಯೋಗಳು ಬರೋಕೆ ಶುರುವಾದ್ವು. ನಾನು ಟ್ರೂಪರ್ ನೋಡಿದೆ. 'ಲೈವ್ ಆಫ್ಟರ್ ಡೆತ್'ನ ಟ್ರೂಪರ್ ಕೇಳಿದ ಕಿವಿಗೆ ಇದು ಬೇರೇನೇ ಅನ್ನಿಸ್ತು. ತಕ್ಷಣ ಮಾವನಿಗೆ ವಿಡಿಯೋ ಕಳಿಸಿ ಕೆಳಗೆ ಬರೆದೆ: "ನೋಡು ನಿನ್ನ ದೇವರು ಮುದುಕ ಆಗ್ಬಿಟ್ಟ. ಟ್ರೂಪರ್ ಆಮೆ ಮೇಲೆ ಕೂತಿದಾನೆ. ಕೈಲಾಗದೆ ಇದ್ಮೇಲೆ ಮನೇಲಿರಬೇಕಪ್ಪ. ರೆಕಾರ್ಡೇ ಮೇಲು ಅಂತ ಈಗ್ಲಾದ್ರೂ ಒಪ್ಕೋ."

ಮಾವ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ. ಅಷ್ಟೇ. ನಾನು ಗೆದ್ದೆ ಅಂದ್ಕೊಂಡೆ.

ಆಗಸ್ಟ್‌ನಲ್ಲಿ ಸುದ್ದಿ ಬಂತು. ಆ ವರ್ಷದ ಜನವರಿಯಲ್ಲೇ ನಿಕೋಗೆ ಸ್ಟ್ರೋಕ್ ಆಗಿತ್ತಂತೆ, ದೇಹದ ಬಲಭಾಗ ಭುಜದಿಂದ ಕೆಳಗೆ ಬಿದ್ದುಹೋಗಿತ್ತಂತೆ. ಹತ್ತು ವಾರ ಚಿಕಿತ್ಸೆ, ವ್ಯಾಯಾಮ ಮಾಡಿ ಸೀದಾ ರಿಹರ್ಸಲ್ಲಿಗೆ ಬಂದಿದ್ದ. ಟ್ರೂಪರಿನ ಆ ವೇಗದ ರೋಲ್ ಮೊದಲಿನ ಹಾಗೆ ನುಡಿಸೋಕೆ ಆಗ್ತಿಲ್ಲ, ಬೇರೆ ತರ ಮಾಡ್ಕೊಂಡಿದೀನಿ ಅಂತ ಆಮೇಲೆ ಅವನೇ ಹೇಳಿದ್ದ. ವಯಸ್ಸು 71.

ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ತಟ್ಟೆ ಹಾಗೇ ಬಿಟ್ಟು ಎದ್ದೆ. ನನಗೆ ನೆನಪಾಗಿದ್ದು ನಿಕೋ ಅಲ್ಲ. "ಕೈಲಾಗದೆ ಇದ್ಮೇಲೆ ಮನೇಲಿರಬೇಕಪ್ಪ" ಅನ್ನೋ ನನ್ನದೇ ಸಾಲು. ಅದನ್ನ ನಾನು ಕಳಿಸಿದ್ದು ಯಾರಿಗೆ ಅಂತ. ಆ ಮೆಸೇಜ್ ಡಿಲೀಟ್ ಮಾಡೋಣ ಅಂತ ನೋಡಿದೆ, ಸಮಯ ಮೀರಿತ್ತು. ಫೋನ್ ಮಾಡೋ ಧೈರ್ಯ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಗಣೇಶನ ಹಬ್ಬಕ್ಕೆ ಊರಿಗೆ ಹೋದೆ. ಆರ್ಕೆಸ್ಟ್ರಾ ಇತ್ತು. ಮಾವ ಡ್ರಮ್ಸ್ ಹಿಂದೆ ಕೂತಿದ್ದ! ಪಕ್ಕದಲ್ಲಿ ಒಬ್ಬ ಹುಡುಗ ರಿದಂ ಪ್ಯಾಡ್ ನೋಡ್ಕೋತಿದ್ದ. ಮಾವ ಎಡಗೈಗೆ ಹೆಚ್ಚು ಕೆಲಸ ಕೊಟ್ಟು, ಬಲಗೈಗೆ ಹಗುರಾದದ್ದು ಇಟ್ಕೊಂಡು ನುಡಿಸ್ತಿದ್ದ. ಮೊದಲು ಮೇಡನ್ ರೋಲ್ ಬರ್ತಿದ್ದ ಜಾಗದಲ್ಲಿ ಈಗ ಏನೂ ಇಲ್ಲ, ಒಂದು ಕ್ಷಣ ಖಾಲಿ, ಆಮೇಲೆ ಸಿಂಬಲ್ಲಿನ ಮೇಲೆ ಒಂದೇ ಏಟು. ಜನ ಅದಕ್ಕೂ ಶಿಳ್ಳೆ ಹೊಡೆದ್ರು. ನಾನು ಹಿಂದೆ ಲೈಟು ಕಂಬದ ಹತ್ರ ನಿಂತು ಮೊಬೈಲಿನಲ್ಲಿ ತೆಗೀತಿದ್ದೆ, ಕೈ ನಡುಗಿ ಚಿತ್ರ ಅಲ್ಲಾಡಿದೆ.

ಎಲ್ಲ ಮುಗಿದ ಮೇಲೆ ಟೀ ಅಂಗಡೀಲಿ ಕೂತಾಗ ಶುರು ಮಾಡಿದೆ. "ಮಾವ, ಅವತ್ತು ಆ ಮೆಸೇಜು.."

"ಆಮೆ ಮೇಲೆ ಕೂತಿದಾನೆ ಅಂದಿದ್ಯಲ್ಲ, ಅದಾ?" ಅಂತ ನಕ್ಕ.

"ನಂಗೆ ಗೊತ್ತಿರ್ಲಿಲ್ಲ ಮಾವ."

"ನಂಗೆ ಗೊತ್ತಾಯ್ತು" ಅಂದ. "ಸುದ್ದಿ ಬರೋಕೆ ಮುಂಚೇನೇ. ನಿನ್ನ ವಿಡಿಯೋನ ಹತ್ತು ಸಲ ನೋಡ್ದೆ. ಆ ರೋಲ್ ಬರೋ ಜಾಗದಲ್ಲಿ ಅವನು ಬಲಗೈನ ಉಳಿಸ್ಕೊತಾನೆ ಕಣೋ. ನಾನೂ ಹಾಗೇ ಮಾಡ್ತಿದ್ನಲ್ಲ ಮನೇಲಿ, ದಿಂಬಿನ ಮೇಲೆ. ಇವನಿಗೂ ಏನೋ ಆಗಿದೆ ಅಂದ್ಕೊಂಡೆ. ಮಾರನೇ ದಿನವೇ ಆರ್ಕೆಸ್ಟ್ರಾದವ್ರಿಗೆ ಫೋನ್ ಮಾಡಿ, ಹಬ್ಬಕ್ಕೆ ನಾನೂ ಇರ್ತೀನಿ ಅಂದೆ."

ಹತ್ತು ವರ್ಷ ಹೋಲಿಸಿ ಹೋಲಿಸಿ ನನ್ನ ಕಿವಿಗೆ ಬಿದ್ದಿದ್ದು ನಿಧಾನ ಆಯ್ತು ಅನ್ನೋದು ಮಾತ್ರ. ಮೊಬೈಲಿನ ಆ ಕೆಟ್ಟ ಸೌಂಡಿನಲ್ಲೂ ಮಾವನಿಗೆ ಒಬ್ಬ ಮನುಷ್ಯ ಏನು ಮಾಡ್ತಿದ್ದಾನೆ ಅಂತ ಕಾಣಿಸ್ತು.

2024ರ ಡಿಸೆಂಬರ್ 7ರಂದು ಸಾವೊ ಪಾಲೊದಲ್ಲಿ ನಿಕೋ ಮೇಡನ್ ಜೊತೆ ಕೊನೇ ಶೋ ನುಡಿಸಿ ಟೂರುಗಳಿಗೆ ವಿದಾಯ ಹೇಳಿದ. ಅವತ್ತು ಮಾವ ಫೋನ್ ಮಾಡಿ, "ಎರಡು ವರ್ಷ ಎಳೆದ ನೋಡು" ಅಂದ. ಬೇರೇನೂ ಹೇಳಲಿಲ್ಲ.

ಹಾಗಂತ ನಾನು ಪೂರ್ತಿ ಲೈವ್ ಪಾರ್ಟಿ ಸೇರಿಬಿಟ್ಟೆ ಅಂತಲ್ಲ. ರೆಕಾರ್ಡಿನ ಬೆಲೆ ಈಗ ಬೇರೆ ರೀತಿ ಗೊತ್ತಾಗ್ತಿದೆ. 1983ರ ನಿಕೋನ ಕೈ ಎಲ್ಲಿದೆ ಅಂದ್ರೆ 'ಪೀಸ್ ಆಫ್ ಮೈಂಡ್'ನಲ್ಲಿದೆ, 1985ರದ್ದು ಈ ಒಡೆದ ಕ್ಯಾಸೆಟ್ಟಿನಲ್ಲಿದೆ. ನನ್ನ ಮಾವನ ಕೈ? ಅಷ್ಟು ವರ್ಷ ಗಣೇಶನ ಮುಂದೆ ನುಡಿಸಿದ್ದನ್ನ ಯಾರೂ ಹಿಡಿದಿಟ್ಟಿಲ್ಲ. ನಮ್ಮ ಮನೇಲಿ ಹುಡುಕಿ ಹುಡುಕಿ ಸಿಕ್ಕಿದ್ದು ಯಾರದ್ದೋ ಮದುವೆ ವಿಡಿಯೋದಲ್ಲಿ ನಲವತ್ತು ಸೆಕೆಂಡು, ಅದರಲ್ಲೂ ಅರ್ಧ ಪುರೋಹಿತರ ಮೈಕಿನ ಸದ್ದು. ಅದು ಬಿಟ್ರೆ ಲೈಟು ಕಂಬದ ಹತ್ರ ನಿಂತು ನಾನು ತೆಗೆದ ಅಲ್ಲಾಡೋ ವಿಡಿಯೋ. ಹೌದು, ನಿಧಾನವೇ ಇದೆ.

ಅದಕ್ಕೇ ಒಂದು ಕೋರಿಕೆ. ನಿಮ್ಮಲ್ಲಿ ಯಾರಾದ್ರೂ ಅರಸೀಕೆರೆ ಕಡೆಯವರಿದ್ದರೆ, 2010ಕ್ಕಿಂತ ಹಿಂದಿನ ಗಣೇಶೋತ್ಸವದ ಕ್ಯಾಸೆಟ್ಟೋ ಸೀಡಿಯೋ ಅಟ್ಟದ ಮೇಲೆ ಎಲ್ಲಾದ್ರೂ ಇದ್ದರೆ, ದಯವಿಟ್ಟು ಹೇಳಿ. ಹಾಡುಗಾರರ ಹಿಂದೆ ಕಪ್ಪು ಟೀ ಶರ್ಟಿನವನೊಬ್ಬ ಕೂತಿರ್ತಾನೆ. ಸೌಂಡು ಹೇಗಿದ್ರೂ ಪರವಾಗಿಲ್ಲ.